ಸವಾನಾದಲ್ಲಿ ಒಂದೇ ದಿನ ಇದ್ದರೆ

ಸ್ಕಿಡವೇ ಐಲ್ಯಾಂಡ್ ಸ್ಟೇಟ್ ಪಾರ್ಕಿನಲ್ಲಿ ಟೆಂಟ್ ಹಾಕ್ತೀವಿ, ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ಊರಿಗೆ ಒಂದೇ ದಿನ ಇದೆ, ಮಕ್ಕಳಿದ್ದಾರೆ, ಟ್ರಾಲಿ ಟೂರ್ ತಗೊಳ್ಳೋದಾ ಅಂತ ಕೇಳಿದ್ದೀರಿ. ಬೇಡ ಸರ್, ನಡೆದೇ ನೋಡಿ. 1733ರಲ್ಲಿ ಜಾರ್ಜಿಯಾ ವಸಾಹತಿನ ಸ್ಥಾಪಕ ಓಗಲ್‌ಥಾರ್ಪ್ ಕಟ್ಟಲು ಶುರು ಮಾಡಿದ ಊರಿದು. ಅವನ ನಕ್ಷೆಯ ಕ್ರಮದಲ್ಲೇ ಬೆಳೆದ ಚೌಕಗಳಲ್ಲಿ (ಬೀದಿಗಳ ನಡುವಿನ ಸಣ್ಣ ಉದ್ಯಾನಗಳು) 22 ಇಂದಿಗೂ ಉಳಿದಿವೆ. ಸಿಟಿ ಹಾಲ್ ಹತ್ತಿರ ಬುಲ್ ಸ್ಟ್ರೀಟ್ ಹಿಡಿದರೆ ಐದು ಚೌಕ ದಾಟಿ ಫಾರ್ಸಿತ್ ಪಾರ್ಕಿನ ಕಾರಂಜಿ ಸಿಗುತ್ತೆ. ದಾರಿಯುದ್ದಕ್ಕೂ ಓಕ್ ನೆರಳು, ಬೆಂಚು; ಮಕ್ಕಳು ಸುಸ್ತಾದ್ರೆ ಅಲ್ಲೇ ಕೂರಿಸಿ.

ಫ್ರಾಂಕ್ಲಿನ್ ಸ್ಕ್ವೇರ್‌ನ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚನ್ನು ಮಾತ್ರ ದಯವಿಟ್ಟು ಬಿಡಬೇಡಿ. ಗುಲಾಮರೇ ಕಟ್ಟಿದ್ದು. ನೆಲದ ಹಲಗೆಯಲ್ಲಿ ವಜ್ರಾಕಾರದಲ್ಲಿ ಕೊರೆದ ರಂಧ್ರಗಳಿವೆ. ತಪ್ಪಿಸಿಕೊಂಡು ಬಂದು ಕೆಳಗೆ ಅಡಗಿದವರಿಗೆ ಉಸಿರಾಡಲು ಅಂತ ಚರ್ಚಿನವರು ಹೇಳ್ತಾರೆ. ಆ ಊರಿನ ಚಂದದ ಮನೆಗಳ ಹಿಂದೆ ಯಾರ ಬೆವರಿದೆ ಅಂತ ಮಕ್ಕಳಿಗೂ ಗೊತ್ತಾಗಬೇಕು.

ಮಧ್ಯಾಹ್ನ ಟೈಬೀ ದ್ವೀಪದ ಕಡೆ ಹೊರಟು ದಾರಿಯಲ್ಲಿ ಫೋರ್ಟ್ ಪುಲಾಸ್ಕಿ ಕೋಟೆ ನೋಡಿ. ಏಳೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ, 1862ರಲ್ಲಿ ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ಹೊಸ ಬಗೆಯ ರೈಫಲ್ಡ್ (ನಳಿಕೆಯೊಳಗೆ ಸುರುಳಿ ಗೀರುಗಳಿರುವ) ಫಿರಂಗಿಗಳ ಮುಂದೆ ಸುಮಾರು 30 ಗಂಟೆಯಲ್ಲಿ ಸೋತುಹೋಯ್ತು. ಗುಂಡು ಬಿದ್ದ ಗುಳಿಗಳು ಈಗಲೂ ಕಾಣುತ್ತವೆ.

ವರ್ಮ್ಸ್‌ಲೋ ಎಂಬ ಹಳೆಯ ಎಸ್ಟೇಟಿನ ಓಕ್ ಮರಗಳ ಸಾಲು ನಿಮ್ಮ ಕ್ಯಾಂಪಿನ ದಾರಿಯಲ್ಲೇ ಇದೆ, ಬೆಳಿಗ್ಗೆ ಮುಗಿಸಿಬಿಡಿ. ಸಂಜೆ ಟೆಂಟಿನ ಹತ್ತಿರ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಕಚ್ಚುತ್ತೆ, ಮಕ್ಕಳಿಗೆ ತುಂಬುತೋಳಿನ ಬಟ್ಟೆ ಇಟ್ಟುಕೊಳ್ಳಿ.