ಮಳೆ ಬರುವ ಮುಂಚೆ ವರದಿಗಾರರಿಗೇನು ಕೆಲಸ?

ನೆರೆ ಬಂದ ಮೇಲೆ ಬರೆಯುವುದನ್ನು ಕಾಲೇಜಿನಲ್ಲಿ ಕಲಿಸುತ್ತಾರೆ, ಬರುವ ಮುಂಚೆ ಏನು ಬರೆಯುವುದು, ಬೆಂಗಳೂರಿನಲ್ಲಿ ಅದನ್ನು ಕಲಿಯುವುದು ಹೇಗೆ ಎಂದು ಕೇಳಿದ್ದೀರಿ. ಹಲವು ವರ್ಷ ನಗರ ವರದಿಗಾರನಾಗಿದ್ದು, ಈಗ ಹೊಸಬರಿಗೆ ತರಬೇತಿ ಕೊಡುತ್ತಿದ್ದೇನೆ.

ಮೊದಲ ದಿನವೇ ‘ವರುಣನ ಆರ್ಭಟ’, ‘ಮಳೆರಾಯನ ಅವಾಂತರ’ಗಳಿಗೆ ನಿಷೇಧ ಹಾಕುತ್ತೇನೆ. (ನಾನೇ ಬೇಕಾದಷ್ಟು ಬಾರಿ ಬರೆದಿದ್ದೇನೆ.) ತಪ್ಪನ್ನು ವರುಣನ ತಲೆಗೆ ಕಟ್ಟಿದರೆ ಕಾಲುವೆ ಒತ್ತುವರಿ ಮಾಡಿದವರೂ ಕಣ್ಣು ಮುಚ್ಚಿ ಅನುಮತಿ ಕೊಟ್ಟವರೂ ನಿರಾಳ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿದು, ದೊಡ್ಡ ನದಿಯೂ ಇಲ್ಲ. ಆದರೂ 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಸುತ್ತಮುತ್ತ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಕೆರೆಯ ಕೋಡಿ ನೀರನ್ನು ಮುಂದಿನ ಕೆರೆಗೆ ಒಯ್ಯಬೇಕಾದ ರಾಜಕಾಲುವೆಗಳ ಕಥೆ ಅಲ್ಲಿದೆ.

ಹಾಗಾಗಿ ಫೆಬ್ರುವರಿಯಲ್ಲಿ, ಕಾಲುವೆ ಬತ್ತಿರುವಾಗ, ಹೊಸಬರನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಅದರ ದಡದಲ್ಲೇ ನಡೆಸುತ್ತೇನೆ. ಕಂದಾಯ ನಕ್ಷೆ ಕೈಯಲ್ಲಿರಬೇಕು. ಎಲ್ಲಿ ಅಗಲ ಕುಗ್ಗಿದೆ, ಎಲ್ಲಿ ತೆಗೆದ ಹೂಳನ್ನು ದಡದಲ್ಲೇ ಗುಡ್ಡೆ ಹಾಕಿ ಬಿಟ್ಟಿದ್ದಾರೆ, ಎಲ್ಲವನ್ನೂ ಬರೆದುಕೊಳ್ಳಬೇಕು. ಕಳೆದ ಬಾರಿ ತಗ್ಗಿನ ಒಂದು ಮನೆಗೆ ಹೋದೆವು. ಫ್ರಿಜ್ ಸಿಮೆಂಟ್ ಇಟ್ಟಿಗೆಗಳ ಮೇಲೆ ನಿಂತಿತ್ತು. ‘ಮೊದಲು ಎರಡು ಸಾಲು ಇತ್ತು, ಹೋದ ಮಳೆಗಾಲದಲ್ಲಿ ಮೂರನೆಯದು ಸೇರಿಸಿದೆವು’ ಎಂದರು ಆ ಮನೆಯ ಅಜ್ಜಿ. ಪ್ರವಾಹ ಎಷ್ಟು ಏರುತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಪಟ್ಟಿ ನನಗೆ ಸಿಕ್ಕಿಲ್ಲ. ಹುಡುಗರು ಮಾತ್ರ ಅಧಿಕಾರಿಯ ಹೇಳಿಕೆಯಿಂದಲೇ ವರದಿ ಶುರು ಮಾಡಿದ್ದರು. ಮತ್ತೆ ಬರೆಸಿದೆ.

ಲೆಕ್ಕವೂ ಬೇಕು. 24 ಗಂಟೆಯಲ್ಲಿ 64.5 ಮಿ.ಮೀ. ತಲುಪಿದರೆ ಹವಾಮಾನ ಇಲಾಖೆಯ ಭಾಷೆಯಲ್ಲಿ ‘ಭಾರಿ ಮಳೆ’. ಅಷ್ಟೂ ಒಂದೇ ಗಂಟೆಯಲ್ಲಿ ಸುರಿದರೆ ಊರಿನ ಗತಿಯೇ ಬೇರೆ. ಇಲಾಖೆಯ ಎಚ್ಚರಿಕೆಗಳಿಗೆ ಬಣ್ಣಗಳಿವೆ: ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ನಾವು ‘ಕಿತ್ತಳೆ ಅಲರ್ಟ್’ ಎಂದಷ್ಟೇ ಅಚ್ಚು ಹಾಕಿ ಕೈತೊಳೆದುಕೊಳ್ಳುತ್ತೇವೆ. ಮಳೆಯ ಅಂಕಿಅಂಶಕ್ಕೆ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಅದನ್ನು ಓದಲು ಕಲಿಯಿರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಣಗಿದ ಕಾಲುವೆಯ ಸುದ್ದಿಗೆ ಯಾವ ಸಂಪಾದಕರೂ ಮುಖಪುಟ ಕೊಡುವುದಿಲ್ಲ, ಐದನೇ ಪುಟದ ಮೂಲೆ ಸಿಕ್ಕರೆ ಹೆಚ್ಚು. ಬಂದಷ್ಟನ್ನು ದಿನಾಂಕದ ಸಮೇತ ಕತ್ತರಿಸಿ ಇಟ್ಟುಕೊಳ್ಳಿ. ‘ಅನಿರೀಕ್ಷಿತ ಮಳೆ’ ಎಂದು ಆಗಸ್ಟ್‌ನಲ್ಲಿ ಯಾರಾದರೂ ಹೇಳಿದಾಗ ಮೇಜಿನ ಮೇಲೆ ಇಡಲು ಬೇಕಾಗುತ್ತದೆ.