ಅಮೆರಿಕದ ಮೆಕ್ಕೆಜೋಳದ ಹೊಲಗಳ ನಡುವೆ ಕಾಣುವ ಹಳೇ ಸ್ಮಶಾನಗಳ ಕಥೆ ಏನು?

ಅಯೋವಾ ರಾಜ್ಯದಲ್ಲಿ ಕಾರಲ್ಲಿ ಹೋಗುವಾಗ ಹೊಲದ ಮಧ್ಯೆ ಒಂದು ಪುಟ್ಟ ಸ್ಮಶಾನ ನೋಡಿದೆ, ಸುತ್ತ ಊರೇ ಇಲ್ಲ, 'ಪಯೊನೀರ್ ಸೆಮೆಟರಿ' ಅಂತ ಬೋರ್ಡ್ ಬೇರೆ ಇತ್ತು, ಏನಿದು ಅಂತ ಕೇಳಿದ್ದೀರಿ. ನಾನಿರುವುದು ಅಯೋವಾ ಸಿಟಿಯಲ್ಲಿ. ಪಕ್ಕದ ಸೀಡರ್ ಕೌಂಟಿಯ ರೋಚೆಸ್ಟರ್ ಸ್ಮಶಾನಕ್ಕೆ ನಾಲ್ಕೈದು ಸಲ ಹೋಗಿದ್ದೇನೆ. ಕೌಂಟಿ ಅಂದರೆ ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನದು ಅಂದುಕೊಳ್ಳಿ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಬೋರ್ಡಿನ ವಿಷಯ ಮುಗಿಸಿಬಿಡೋಣ. ಪಯೊನೀರ್ ಅಂದರೆ ಮೊದಲು ಬಂದು ನೆಲೆಸಿದವರು, ಸೆಮೆಟರಿ ಅಂದರೆ ಸ್ಮಶಾನ. ಹಿಂದಿನ 50 ವರ್ಷದಲ್ಲಿ 12 ಅಥವಾ ಅದಕ್ಕಿಂತ ಕಡಿಮೆ ಜನರನ್ನು ಮಣ್ಣು ಮಾಡಿದ್ದರೆ ಅದು ಪಯೊನೀರ್ ಸೆಮೆಟರಿ, ಇದು ಅಯೋವಾದ ಕಾನೂನು. ರೋಚೆಸ್ಟರ್‌ನಲ್ಲಿ ಈಗಲೂ ಮಣ್ಣು ಮಾಡುತ್ತಾರೆ, ಹಾಗಾಗಿ ಈ ಲೆಕ್ಕಕ್ಕೆ ಅದು ಬರುವುದು ಕಷ್ಟ. ಆದರೆ ಅಲ್ಲಿನ ಹಳೇ ಕಲ್ಲುಗಳ ಕೆಳಗಿರುವವರು ಮೊದಲ ಕಾಲದ ವಲಸಿಗರೇ.

'ಮೊದಲ' ಅನ್ನುವ ಮಾತು ನನಗೆ ಸ್ವಲ್ಪ ಚುಚ್ಚುತ್ತದೆ. ಅದು ಸಾಕ್ ಮತ್ತು ಮೆಸ್ಕ್ವಾಕಿ ಎಂಬ ಮೂಲನಿವಾಸಿ ಜನರ ನೆಲ. 1832ರಲ್ಲಿ ಸಾಕ್ ನಾಯಕ ಬ್ಲ್ಯಾಕ್ ಹಾಕ್ ಅಮೆರಿಕದ ಸೈನ್ಯದ ಎದುರು ಯುದ್ಧದಲ್ಲಿ ಸೋತ ಮೇಲೆ ಸರ್ಕಾರ ಅವರಿಂದ ಜಾಗ ಬರೆಸಿಕೊಂಡಿತು. 1833ರ ಜೂನ್ 1ರಿಂದ ಬಿಳಿಯರು ಬಂದು ನೆಲೆಸಬಹುದು ಅಂತಾಯಿತು. ಮೆಸ್ಕ್ವಾಕಿಗಳು 1857ರಲ್ಲಿ ಟಾಮಾ ಕೌಂಟಿಯಲ್ಲಿ 80 ಎಕರೆಯನ್ನು ದುಡ್ಡು ಕೊಟ್ಟು ವಾಪಸ್ ಕೊಂಡುಕೊಂಡರು. ತಮ್ಮದೇ ನೆಲ, ತಾವೇ ಖರೀದಿ! ಇವತ್ತಿಗೂ ಅಲ್ಲೇ ಇದ್ದಾರೆ.

ಸೀಡರ್ ಕೌಂಟಿ ಆಗಿದ್ದು 1837ರಲ್ಲಿ. ಆಗ ಅಯೋವಾ ಅನ್ನುವ ರಾಜ್ಯವೇ ಇರಲಿಲ್ಲ. ಕೌಂಟಿ ಅಂದರೆ ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನದು ಅಂದುಕೊಳ್ಳಿ. ಸೀಡರ್ ನದಿಯ ದಡದ ರೋಚೆಸ್ಟರೇ ಮೊದಲು ಅದರ ಮುಖ್ಯ ಊರು. ಆಮೇಲೆ ಕಚೇರಿ ಟಿಪ್ಟನ್‌ಗೆ ಹೋಯಿತು. ಈಗ ರೋಚೆಸ್ಟರ್ ಅಂದರೆ ಬೆರಳೆಣಿಕೆಯ ಮನೆಗಳು, ಮತ್ತೆ ಈ ಸ್ಮಶಾನ. ನೀವು ನೋಡಿದ ಕಡೆಯೂ ಹೀಗೇ ಏನೋ ಆಗಿರುತ್ತದೆ. ಬದುಕಿದ್ದವರು ಗಂಟುಮೂಟೆ ಕಟ್ಟಿದರು, ಸತ್ತವರು ಎಲ್ಲಿಗೆ ಹೋಗುತ್ತಾರೆ?

ರೋಚೆಸ್ಟರ್ ಸ್ಮಶಾನ ಸುಮಾರು 13 ಎಕರೆ. ಮರಳುದಿಣ್ಣೆಗಳು, ದೊಡ್ಡ ದೊಡ್ಡ ಓಕ್ ಮರಗಳು. ಹಳೇ ಬಿಳಿ ಅಮೃತಶಿಲೆಯ ಕಲ್ಲನ್ನು ಮುಟ್ಟಿದರೆ ಬೆರಳಿಗೆ ಸಕ್ಕರೆಯಂಥ ಪುಡಿ ಹತ್ತುತ್ತದೆ. ಮಳೆಗೆ ಅಷ್ಟು ಸವೆದಿವೆ. ಆ ಕಾಲದ ಕಲ್ಲುಗಳಲ್ಲಿ ಸತ್ತವರ ವಯಸ್ಸನ್ನು ಇಷ್ಟು ವರ್ಷ, ಇಷ್ಟು ತಿಂಗಳು, ಇಷ್ಟು ದಿನ ಅಂತ ಲೆಕ್ಕ ಹಾಕಿ ಕೆತ್ತುತ್ತಿದ್ದರು. ಮಕ್ಕಳ ಕಲ್ಲಿನ ಮುಂದೆ ನಿಂತು ಆ ದಿನಗಳ ಲೆಕ್ಕ ಓದುವುದು ಕಷ್ಟ.

ಆದರೆ ಜನ ಇಲ್ಲಿಗೆ ದೂರದಿಂದ ಬರುವುದು ಕಲ್ಲು ನೋಡೋದಕ್ಕಲ್ಲ, ಹುಲ್ಲು ನೋಡೋದಕ್ಕೆ. ಒಂದು ಕಾಲಕ್ಕೆ ಅಯೋವಾದ ಮುಕ್ಕಾಲು ಪಾಲಿಗಿಂತ ಜಾಸ್ತಿ ನೆಲ ಪ್ರೇರಿ ಹುಲ್ಲುಗಾವಲು. ಆಳೆತ್ತರ ಮೀರಿದ ಹುಲ್ಲು, ಅದಕ್ಕಿಂತ ಆಳಕ್ಕೆ ಇಳಿದ ಬೇರು. ಆ ಬೇರಿನ ಹೆಣಿಗೆಯನ್ನು ಸೀಳಲು ನಾಲ್ಕಾರು ಜೋಡಿ ಎತ್ತು ಬೇಕಾಗುತ್ತಿತ್ತು. ಕಬ್ಬಿಣದ ನೇಗಿಲಿಗೆ ಇಲ್ಲಿನ ಜಿಗುಟು ಮಣ್ಣು ಮೆತ್ತಿಕೊಳ್ಳುತ್ತಿತ್ತು. ಜಾನ್ ಡಿಯರ್ ಎಂಬ ಕಮ್ಮಾರ 1837ರಲ್ಲಿ ಪಕ್ಕದ ಇಲಿನಾಯ್‌ನಲ್ಲಿ ನುಣುಪಾದ ಉಕ್ಕಿನ ನೇಗಿಲು ಮಾಡಿದ ಮೇಲೆ ಆ ತೊಂದರೆ ತಪ್ಪಿತು. ಇವತ್ತು ಆ ಹುಲ್ಲುಗಾವಲಿನಲ್ಲಿ ಉಳಿದಿರುವುದು ಸಾವಿರಕ್ಕೆ ಒಂದು ಪಾಲಿಗಿಂತ ಕಡಿಮೆ. ಮಿಕ್ಕ ಕಡೆ ಹೆಚ್ಚಾಗಿ ಮೆಕ್ಕೆಜೋಳ, ಸೋಯಾ.

ಗೋರಿಗಳಿರುವ ಕಡೆ ಮಾತ್ರ ಯಾರೂ ನೇಗಿಲು ಹೂಡಲಿಲ್ಲ. ರೋಚೆಸ್ಟರ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಬಗೆಯ ಗಿಡಗಳಿವೆ. ಮೇ ತಿಂಗಳಲ್ಲಿ ಶೂಟಿಂಗ್ ಸ್ಟಾರ್ ಹೂವು ದಿಣ್ಣೆಯುದ್ದಕ್ಕೂ ಅರಳುತ್ತದೆ. ತಲೆ ಬಗ್ಗಿಸಿದ ಮೊಗ್ಗಿನ ಹಾಗೆ, ಎಸಳುಗಳೆಲ್ಲ ಹಿಂದಕ್ಕೆ ಮಡಚಿಕೊಂಡು. ಯಾರು ಇಡೀ ಕೌಂಟಿಯ ಹುಲ್ಲು ಕಿತ್ತರೋ ಅವರ ಎದೆಯ ಮೇಲೆ ಮಾತ್ರ ಆ ಹುಲ್ಲು ಉಳಿದಿದೆ, ಅಲ್ವಾ? ನನಗೆ ಇಡೀ ಕೌಂಟಿಯ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

ಹಾಗಂತ ಕೌಂಟಿ ಸಾಮಾನ್ಯದ್ದಲ್ಲ. 2020ರ ಜನಗಣತಿಯಲ್ಲಿ ಹದಿನೆಂಟೂವರೆ ಸಾವಿರ ಜನ, ಅಷ್ಟೇ. ಆದರೆ ಸ್ಪ್ರಿಂಗ್‌ಡೇಲ್ ಎಂಬ ಹಳ್ಳಿಯಲ್ಲಿ 1857-58ರ ಚಳಿಗಾಲ ಪೂರ್ತಿ ಜಾನ್ ಬ್ರೌನ್‌ನ ಹುಡುಗರು ಮರದ ಕತ್ತಿ ಹಿಡಿದು ಕವಾಯತು ಮಾಡಿದ್ದರು. ಗುಲಾಮಗಿರಿ ಮುಗಿಸಬೇಕೆಂದು ಹೊರಟವನು ಅವನು. ಅವರಿಗೆ ಆಸರೆ ಕೊಟ್ಟವರು ಕ್ವೇಕರ್‌ಗಳು, ಆಯುಧ ಮುಟ್ಟಬಾರದು ಅನ್ನುವ ಪಂಥದವರು! ಸ್ಪ್ರಿಂಗ್‌ಡೇಲಿನ ಕಾಪಕ್ ಅಣ್ಣತಮ್ಮಂದಿರು 1859ರಲ್ಲಿ ಬ್ರೌನ್ ಜೊತೆ ವರ್ಜೀನಿಯಾದ ಹಾರ್ಪರ್ಸ್ ಫೆರಿಯಲ್ಲಿದ್ದ ಸರ್ಕಾರಿ ಶಸ್ತ್ರಾಗಾರದ ಮೇಲಿನ ದಾಳಿಗೂ ಹೋದರು. ಎಡ್ವಿನ್‌ನನ್ನು ಗಲ್ಲಿಗೇರಿಸಿದರು. ಬಾರ್ಕ್ಲೇ ತಪ್ಪಿಸಿಕೊಂಡು ಊರಿಗೆ ಬಂದ. ಅವನನ್ನು ಒಪ್ಪಿಸಿ ಎಂದು ವರ್ಜೀನಿಯಾ ಕೇಳಿದರೆ ಅಯೋವಾದ ಗವರ್ನರ್ ಕಾಗದಪತ್ರ ಸರಿಯಿಲ್ಲ ಅಂತ ಕೊಕ್ಕೆ ಹಾಕಿ ವಾಪಸ್ ಕಳಿಸಿದರು.

ಪಕ್ಕದ ವೆಸ್ಟ್ ಬ್ರಾಂಚ್‌ನಲ್ಲಿ 1874ರಲ್ಲಿ ಹುಟ್ಟಿದವರು ಹರ್ಬರ್ಟ್ ಹೂವರ್, ಮುಂದೆ ಅಮೆರಿಕದ ಅಧ್ಯಕ್ಷರಾದರು. ಎರಡೇ ಕೋಣೆಯ ಮನೆ. ಅವರು ಅಧ್ಯಕ್ಷರಾಗಿದ್ದಾಗಲೇ, 1931ರಲ್ಲಿ, ದನಗಳಿಗೆ ಕ್ಷಯದ ಪರೀಕ್ಷೆ ಕಡ್ಡಾಯ ಅಂದಿದ್ದಕ್ಕೆ ಟಿಪ್ಟನ್ ಸುತ್ತಲಿನ ರೈತರು ತಿರುಗಿಬಿದ್ದರು. ಪರೀಕ್ಷೆಗೆ ಬಂದ ಡಾಕ್ಟರ ಮೇಲೆ ಕೆಸರೆರಚಿದರು. ಕೊನೆಗೆ ನ್ಯಾಷನಲ್ ಗಾರ್ಡ್ ಸೈನಿಕರು ಬರಬೇಕಾಯಿತು. ಜನ ಇದನ್ನು 'ಕೌ ವಾರ್' ಅನ್ನುತ್ತಾರೆ.

ಮತ್ತೆ ಸ್ಮಶಾನಕ್ಕೆ ಬಂದರೆ, ಅಲ್ಲಿ ಜಗಳ ಈಗಲೂ ಇದೆ. ಅಪ್ಪ-ಅಮ್ಮನ ಗೋರಿ ಮೇಲೆ ಕಳೆ ಬೆಳೆದಿದೆ, ಹುಲ್ಲು ಕತ್ತರಿಸಿ ಅನ್ನುವವರು ಕೆಲವರು. ಅದು ಕಳೆಯಲ್ಲ, ಮುಟ್ಟಬೇಡಿ ಅನ್ನುವವರು ಇನ್ನು ಕೆಲವರು. ನಾನು ಎರಡನೇ ಗುಂಪಿನವನು. ಆದರೆ ಅಲ್ಲಿ ನನ್ನವರು ಯಾರೂ ಮಲಗಿಲ್ಲ, ಹೇಳುವುದು ಸುಲಭ.

ನೋಡಬೇಕು ಅಂತಿದ್ದರೆ ಮೇ ತಿಂಗಳಲ್ಲಿ ಹೋಗಿ. ಪ್ಯಾಂಟಿನ ತುದಿಯನ್ನು ಸಾಕ್ಸ್ ಒಳಗೆ ಸಿಕ್ಕಿಸಿಕೊಳ್ಳಿ. ಮೊದಲ ಸಲ ಚಪ್ಪಲಿಯಲ್ಲಿ ಹೋಗಿ ಮನೆಗೆ ಬಂದು ನೋಡಿದರೆ ಮಂಡಿ ಹಿಂದೆ ಎರಡು ಉಣುಗು ಕಚ್ಚಿಕೊಂಡಿದ್ದವು.