ವಯಸ್ಸಾದ ರೋಗಿಗಳನ್ನೇ ಜಾಸ್ತಿ ನೋಡುವ ಎಂಬಿಬಿಎಸ್ ಡಾಕ್ಟರ್ ಯಾವ ಕೋರ್ಸ್ ಮಾಡಬೇಕು?

ನಿಮ್ಮ ಪ್ರಶ್ನೆ ಹೀಗಿದೆ: ತಾಲ್ಲೂಕು ಊರಿನಲ್ಲಿ ಕ್ಲಿನಿಕ್ ಇಟ್ಟಿದ್ದೀರಿ. ಬರುವವರಲ್ಲಿ ಅರ್ಧಕ್ಕರ್ಧ ಅರವತ್ತು ದಾಟಿದವರು. ಬಿಪಿ, ಶುಗರ್, ಮಂಡಿನೋವು. ಸಿಎಂಇಗೆ, ಅಂದರೆ ಡಾಕ್ಟರುಗಳ ಮುಂದುವರಿದ ಕಲಿಕೆಯ ಸಭೆಗಳಿಗೆ, ಹೋಗಿ ಕ್ರೆಡಿಟ್ ಸೇರಿಸಿದ್ದೀರಿ, ಆದರೆ ಕುರ್ಚಿಯಲ್ಲಿ ಬಂದು ಕೂತಾಗ ಅದು ಕೈಗೆ ಹತ್ತುತ್ತಿಲ್ಲ. ಕ್ಲಿನಿಕ್ ಮುಚ್ಚದೆ ಮಾಡುವಂಥ ಕೋರ್ಸ್ ಇದೆಯಾ, ಮಾಡಿದರೆ ಬೋರ್ಡಿನಲ್ಲಿ ಹಾಕಿಕೊಳ್ಳಬಹುದಾ?

ಡಾಕ್ಟ್ರೇ, ನಾನೂ ಮಲೆನಾಡಿನ ಸಣ್ಣ ಊರಲ್ಲಿ ಇದೇ ಕೆಲಸ ಮಾಡುವವನು. ಕೋರ್ಸುಗಳ ಹೆಸರು ಆಮೇಲೆ ಹೇಳುತ್ತೇನೆ. ಸೇರುವ ಮೊದಲು ಕೋರ್ಸ್ ನಡೆಸುವವರನ್ನು ಒಂದು ವಿಷಯ ಕೇಳಿ: ಇಲ್ಲಿ ನನ್ನ ರೋಗಿಯ ಬಗ್ಗೆ ನಾನು ಮಾತಾಡಬೇಕಾ, ಇಲ್ಲಾ ಸುಮ್ನೆ ಕೂತು ಕೇಳುವುದಾ? ಸುಮ್ನೆ ಕೂತು ಕೇಳುವುದಾದರೆ ದುಡ್ಡು ಉಳಿಸಿಕೊಳ್ಳಿ.

ಐದು ವರ್ಷಕ್ಕೆ 30 ಗಂಟೆ ಸಿಎಂಇ ಅನ್ನುವುದು ಹಿಂದಿನ ಭಾರತೀಯ ವೈದ್ಯಕೀಯ ಪರಿಷತ್ತಿನ (ಎಂಸಿಐ) 2002ರ ನಿಯಮದಲ್ಲೇ ಇದೆ. ಅದನ್ನು ತುಂಬಿಸುವುದು ಏನೂ ಕಷ್ಟವಲ್ಲ. ಭಾನುವಾರ ಬೆಳಿಗ್ಗೆ ಹೋಟೆಲಿನ ಹಾಲ್, ಬೆಂಗಳೂರಿನಿಂದ ಬಂದ ಸ್ಪೆಷಲಿಸ್ಟ್, ಮುಗಿಯದಷ್ಟು ಸ್ಲೈಡು, ಆಮೇಲೆ ಊಟ. ಮನೆಗೆ ಬರುವಾಗ ಒಂದು ಹೊಸ ಮಾತ್ರೆಯ ಹೆಸರು ನೆನಪಿರುತ್ತದೆ. ಇದು ನನ್ನೊಬ್ಬನ ಗೊಣಗಾಟ ಅಲ್ಲ. 1999ರಲ್ಲಿ ಡೇವಿಸ್ ಮತ್ತು ಸಂಗಡಿಗರು ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ, ಅಲ್ಲಿಯವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಬರೀ ಭಾಷಣ ಕೇಳಿದ ಡಾಕ್ಟರು ರೋಗಿಯನ್ನು ನೋಡುವ ರೀತಿ ಬದಲಾಗುವುದು ಕಾಣಲಿಲ್ಲ. ಕೇಸ್ ಇಟ್ಟು ಚರ್ಚಿಸಿದಲ್ಲಿ, ಕೈಯಾರೆ ಮಾಡಿಸಿದಲ್ಲಿ ಮಾತ್ರ ಬದಲಾವಣೆ ಕಂಡಿತು.

ವಯಸ್ಸಾದವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಅರ್ಧ ಕೆಲಸ ಮಾತ್ರೆ ತೆಗೆಯುವುದು. ಮಾತ್ರೆ ನಿಲ್ಲಿಸುವುದು ಹೇಗೆ ಅಂತ ಯಾವ ಕಂಪನಿ ತಾನೇ ಊಟ ಹಾಕಿಸಿ ಹೇಳಿಕೊಡುತ್ತದೆ?

ನಾನು ಸೇರಿದ್ದ ಒಂದು ಆನ್‌ಲೈನ್ ಕ್ಲಾಸಿನ ಮಾತು ಹೇಳುತ್ತೇನೆ. ಎಕೋ ಮಾದರಿಯದು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಅವರು 2003ರಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗಾಗಿ ಶುರು ಮಾಡಿದ ಪದ್ಧತಿ ಇದು. ದೊಡ್ಡ ಆಸ್ಪತ್ರೆಯ ತಜ್ಞರು ಒಂದು ಕಡೆ, ಹಳ್ಳಿಗಳ ಡಾಕ್ಟರು ಇನ್ನೊಂದು ಕಡೆ. ವಾರಕ್ಕೊಮ್ಮೆ ವಿಡಿಯೊದಲ್ಲಿ ಸೇರುವುದು, ಯಾರಾದರೂ ಒಬ್ಬರು ತಮ್ಮ ಕೇಸ್ ಇಡುವುದು. ಆವತ್ತು ಬಯಲುಸೀಮೆ ಕಡೆಯ ಡಾಕ್ಟರೊಬ್ಬರ ಸರದಿ. ಎಪ್ಪತ್ತು ದಾಟಿದ ಅಜ್ಜಿ. ಕೈ ನಡುಕ, ನಡಿಗೆ ನಿಧಾನ, ಮಾತಾಡಿಸಿದರೆ ಮುಖದಲ್ಲಿ ನಗು ಬರುವುದಿಲ್ಲ. ಪಾರ್ಕಿನ್ಸನ್ ಮಾತ್ರೆ ಶುರು ಮಾಡಲಾ ಅಂತ ಕೇಳಿದರು. ಕ್ಲಾಸ್ ನಡೆಸುತ್ತಿದ್ದ ಮೇಡಂ ಹೌದು ಅನ್ನಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. "ಅವರ ಮನೆಯಲ್ಲಿರುವ ಮಾತ್ರೆ ಎಲ್ಲಾ ತರಿಸಿ, ಮುಂದಿನ ವಾರ ಒಂದೊಂದೇ ಓದಿ ಹೇಳಿ" ಅಂದರು.

ಮುಂದಿನ ವಾರ ಆ ಡಾಕ್ಟರು ಬಟ್ಟೆ ಅಂಗಡಿಯ ಚೀಲವೊಂದನ್ನು ಕ್ಯಾಮೆರಾ ಮುಂದೆ ಸುರುವಿದರು. ಬಿಪಿಗೆ ಎರಡು, ಶುಗರಿಗೆ ಎರಡು. ಗ್ಯಾಸಿಗೆ ಅಂತ ಒಂದು ಕ್ಯಾಪ್ಸೂಲ್, ಅದರಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್. ಯಾವಾಗಲೋ ತಲೆಸುತ್ತು ಬಂದಾಗ ಕೊಟ್ಟಿದ್ದ ಸಿನ್ನರಿಜಿನ್. ಖಾಲಿ ಸ್ಟ್ರಿಪ್ ತೋರಿಸಿದರೆ ಮೆಡಿಕಲ್ ಶಾಪಿನವರು ಹೊಸದು ಕೊಡುತ್ತಾರೆ, ಹಾಗಾಗಿ ಗ್ಯಾಸಿನ ಕ್ಯಾಪ್ಸೂಲ್, ಸಿನ್ನರಿಜಿನ್ ಎರಡೂ ಒಂದು ವರ್ಷಕ್ಕಿಂತ ಜಾಸ್ತಿ ನಡೆದುಕೊಂಡೇ ಬಂದಿದ್ದವು. ಲೆವೊಸಲ್ಪಿರೈಡ್, ಸಿನ್ನರಿಜಿನ್ ಎರಡೂ ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕದ ಕೆಲಸ ತಡೆಯುವಂಥವು. ವಯಸ್ಸಾದವರಲ್ಲಿ ಅವುಗಳಿಂದಲೇ ಥೇಟ್ ಪಾರ್ಕಿನ್ಸನ್ ತರಹದ ಲಕ್ಷಣ ಬರುತ್ತದೆ. ಎರಡನ್ನೂ ನಿಲ್ಲಿಸಿದರು. ಕೆಲವು ತಿಂಗಳು ಹಿಡಿಯಿತು, ಆದರೆ ನಡುಕ ಇಳಿಯಿತು. ಎಲ್ಲರಿಗೂ ಪೂರ್ತಿ ಇಳಿಯುವುದಿಲ್ಲ, ಅದನ್ನೂ ಮೇಡಂ ಆವತ್ತೇ ಹೇಳಿದರು.

ಆ ಎರಡು ಔಷಧಿಗಳ ಅಡ್ಡಪರಿಣಾಮ ನಾವೆಲ್ಲ ಓದಿದ್ದೇ. ಓದಿದ್ದು ಬೇರೆ, ಚೀಲದಲ್ಲಿ ಕಾಣುವುದು ಬೇರೆ. ಈಗ ನಮ್ಮ ಕ್ಲಿನಿಕ್ಕಿನ ಗೋಡೆಯಲ್ಲಿ ಒಂದು ಚೀಟಿ ಇದೆ: ಅರವತ್ತು ದಾಟಿದವರು ಬರುವಾಗ ಮನೆಯ ಮಾತ್ರೆ, ಪುಡಿ, ಕಷಾಯ, ನೋವಿನ ಮುಲಾಮು ಎಲ್ಲಾ ತನ್ನಿ. ಚೀಲ ಸುರಿದಾಗ ಮಜವೂ ಇರುತ್ತದೆ. ಮಗಳು ಬೆಂಗಳೂರಿನಿಂದ ಕಳಿಸಿದ್ದು, ಅಳಿಯ ದುಬೈನಿಂದ ತಂದಿದ್ದು, ಪಕ್ಕದ ಮನೆಯವರು ಕೊಟ್ಟಿದ್ದು. ಒಂದೇ ಮಾತ್ರೆ ಎರಡು ಕಂಪನಿಯ ಹೆಸರಲ್ಲಿ ಬೆಳಿಗ್ಗೆ ಒಂದು, ರಾತ್ರಿ ಒಂದು. ಬಿಪಿ ಮಾತ್ರೆ ಅಮ್ಲೋಡಿಪಿನ್‌ನಿಂದ ಕಾಲು ಊದಿದ್ದಕ್ಕೆ ಯಾರೋ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವಂಥದ್ದು) ಸೇರಿಸಿರುತ್ತಾರೆ. ಅದರಿಂದ ರಾತ್ರಿ ಏಳೆಂಟು ಸಲ ಎದ್ದು, ಬಚ್ಚಲಲ್ಲಿ ಬಿದ್ದು, ಮೂಳೆ ಮುರಿದುಕೊಂಡಿರುತ್ತಾರೆ. ಬಿಪಿಗೆ ಟೆಲ್ಮಿಸಾರ್ಟನ್, ನೀರಿನ ಮಾತ್ರೆ, ಮೇಲೆ ಮಂಡಿನೋವಿಗೆ ಡೈಕ್ಲೊಫೆನಾಕ್ ಸೇರಿದರೆ ಕಿಡ್ನಿಗೆ ಎಂಥ ಪೆಟ್ಟು ಬೀಳಬಹುದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ವಯಸ್ಸಾದವರಿಗೆ ಯಾವ ಮಾತ್ರೆ ಬೇಡ ಅಂತ ನೋಡಲು ನೆರವಾಗುವ ಎರಡು ಪಟ್ಟಿಗಳಿವೆ. ಕೋರ್ಸ್ ಸೇರುವ ಮೊದಲೇ ಪ್ರಿಂಟ್ ತೆಗೆದು ಮೇಜಿನ ಗಾಜಿನ ಕೆಳಗೆ ಇಡಿ. ಒಂದು ಬೀರ್ಸ್ ಪಟ್ಟಿ. ಅಮೆರಿಕದಲ್ಲಿ 1991ರಲ್ಲಿ ಶುರುವಾದದ್ದು, 2023ರಲ್ಲಿ ಹೊಸದಾಗಿ ತಿದ್ದಿದ್ದಾರೆ. ಇನ್ನೊಂದು ಐರ್ಲೆಂಡಿನಿಂದ 2008ರಲ್ಲಿ ಬಂದ ಸ್ಟಾಪ್ ಮತ್ತು ಸ್ಟಾರ್ಟ್. ನನಗೆ ಎರಡನೆಯದೇ ಇಷ್ಟ, ಯಾಕೆಂದರೆ ಯಾವುದನ್ನು ನಿಲ್ಲಿಸಬೇಕು ಅನ್ನುವುದರ ಜೊತೆಗೆ ಯಾವುದನ್ನು ಕೊಡಲು ಮರೆತಿದ್ದೀರಿ ಅಂತಲೂ ಹೇಳುತ್ತದೆ. ಶುಗರ್ ಮಾತ್ರೆ ಗ್ಲಿಬೆಂಕ್ಲಮೈಡ್ ವಯಸ್ಸಾದವರಿಗೆ ಬೇಡ ಅಂತ ಎರಡೂ ಹೇಳುತ್ತವೆ. ಆದರೂ ಅಗ್ಗ ಅಂತ ನಮ್ಮ ಕಡೆ ಇನ್ನೂ ಓಡುತ್ತಿದೆ, ಅಲ್ವಾ?

ಈಗ ಕೋರ್ಸುಗಳಿಗೆ ಬರೋಣ.

ಶುಗರ್ ರೋಗಿಗಳೇ ಜಾಸ್ತಿ ಇದ್ದರೆ ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ (ಪಿಎಚ್‌ಎಫ್‌ಐ) ಮತ್ತು ಡಾ. ಮೋಹನ್ಸ್ ಡಯಾಬಿಟಿಸ್ ಎಜುಕೇಶನ್ ಅಕಾಡೆಮಿ ಸೇರಿ 2010ರಿಂದ ನಡೆಸುತ್ತಿರುವ ಸರ್ಟಿಫಿಕೇಟ್ ಕೋರ್ಸಿನಿಂದ ಶುರು ಮಾಡಿ. ಒಂದು ವರ್ಷ, ತಿಂಗಳಿಗೊಮ್ಮೆ ಭಾನುವಾರದ ಕ್ಲಾಸ್. ಕ್ಲಿನಿಕ್ ಮುಚ್ಚಬೇಕಾಗಿಲ್ಲ. ಪಾದ ಪರೀಕ್ಷೆಯನ್ನು ಇಲ್ಲಿ ಸರಿಯಾಗಿ ಕಲಿತುಕೊಳ್ಳಿ. ಪಾದದ ಸ್ಪರ್ಶಜ್ಞಾನ ನೋಡುವ ಹತ್ತು ಗ್ರಾಮಿನ ಮೊನೊಫಿಲಮೆಂಟ್ ಎಳೆ, ಕಂಪನ ತಿಳಿಯುತ್ತಾ ಅಂತ ನೋಡುವ 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಎರಡೂ ದುಬಾರಿಯೇನಲ್ಲ. ಕ್ಲಾಸಿನಲ್ಲಿ ಒಂದು ಪ್ರಶ್ನೆ ನೀವಾಗಿಯೇ ಎತ್ತಿ: ಎಂಬತ್ತು ವರ್ಷದ, ನಿಶ್ಶಕ್ತರಾದ ರೋಗಿಗೆ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಪರೀಕ್ಷೆ) ಶೇಕಡಾ ಎಷ್ಟಿದ್ದರೆ ಸಾಕು? ಹಲವು ಕಾಯಿಲೆ ಇರುವವರಿಗೆ 8ರ ಒಳಗಿದ್ದರೆ ಸಾಕು ಅನ್ನುವುದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್ನಿನ ಸಲಹೆ. ಅಂಥವರಲ್ಲಿ 6.5 ಕಂಡರೆ ನನಗೆ ಖುಷಿಯಾಗುವುದಿಲ್ಲ, ಲೋ ಶುಗರ್ ಆಗಿ ಬಿದ್ದಿದ್ದಾರಾ ಅಂತ ಮನೆಯವರನ್ನು ಕೇಳುತ್ತೇನೆ.

ವಯಸ್ಸಾದವರ ಆರೈಕೆಯನ್ನೇ ಮುಖ್ಯವಾಗಿ ಓದಬೇಕು ಅಂತಿದ್ದರೆ ಇಗ್ನೋದ ಜೆರಿಯಾಟ್ರಿಕ್ ಮೆಡಿಸಿನ್ ಪಿಜಿ ಡಿಪ್ಲೊಮಾ. ಎಂಬಿಬಿಎಸ್ ಆದವರಿಗೆಂದೇ ಮಾಡಿದ್ದು. ಮನೆಯಲ್ಲಿ ಓದು, ಜೊತೆಗೆ ಆಸ್ಪತ್ರೆಯಲ್ಲಿ ಪ್ರಾಕ್ಟಿಕಲ್. ಆ ಪ್ರಾಕ್ಟಿಕಲ್ ದಿನಗಳಿಗೆ ಮಾತ್ರ ಕ್ಲಿನಿಕ್ಕಿಗೆ ರಜೆ ಹಾಕಬೇಕಾಗುತ್ತದೆ. ನೀವು ಸೇರುವ ವರ್ಷ ಅಡ್ಮಿಶನ್ ಇದೆಯಾ, ಹತ್ತಿರದ ಸೆಂಟರ್ ಯಾವುದು ಅಂತ ಮೊದಲೇ ವಿಚಾರಿಸಿ. ವೆಲ್ಲೂರಿನ ಸಿಎಂಸಿಯ ಫ್ಯಾಮಿಲಿ ಮೆಡಿಸಿನ್ ಡಿಪ್ಲೊಮಾ ಎರಡು ವರ್ಷದ್ದು, ದೂರಶಿಕ್ಷಣ. ಅದರಲ್ಲಿ ಮಕ್ಕಳು, ಹೆರಿಗೆ ಎಲ್ಲವೂ ಬರುತ್ತದೆ. ನಿಮಗೆ ಬೇಕಾದ್ದಕ್ಕಿಂತ ಅಗಲ ಜಾಸ್ತಿ. ಆದರೆ ಸಣ್ಣಪುಟ್ಟದಕ್ಕೆಲ್ಲ ಬೇರೆ ಕಡೆ ಕಳಿಸದೆ ನಾವೇ ನೋಡುವುದು ಹೇಗೆ ಅನ್ನುವುದನ್ನು ಅಷ್ಟು ಚೆನ್ನಾಗಿ ಹೇಳಿಕೊಡುವವರು ಕಡಿಮೆ.

ಎಂಡಿ ಮಾಡಿದ ಜೆರಿಯಾಟ್ರಿಷಿಯನ್‌ಗಳು ಇಲ್ಲವೇ ಅಂತ ಕೇಳಬಹುದು. ಇದ್ದಾರೆ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಡಾ. ವಿ. ಎಸ್. ನಟರಾಜನ್ ಅವರ ಪ್ರಯತ್ನದಿಂದ 1996ರಲ್ಲೇ ಈ ಎಂಡಿ ಶುರುವಾಯಿತು. ಆದರೆ ಅಂಥವರು ನಮ್ಮ ತಾಲ್ಲೂಕಿಗೆ ಬಂದು ಕೂರುವ ಕಾಲ ದೂರ ಇದೆ. ಅಲ್ಲಿಯವರೆಗೆ ಈ ಕೆಲಸ ನಿಮ್ಮದು, ನನ್ನದು.

ಮರೆವಿನ ಕಾಯಿಲೆಯ ಬಗ್ಗೆ ನಿಮ್ಹಾನ್ಸ್ ಕಡೆ ಕಣ್ಣಿಟ್ಟಿರಿ. ರಾಜ್ಯ ಸರ್ಕಾರದ ಜೊತೆ ಸೇರಿ ಅವರು 2022ರಲ್ಲಿ ಶುರು ಮಾಡಿದ ಬ್ರೈನ್ ಹೆಲ್ತ್ ಇನಿಷಿಯೇಟಿವ್‌ನಲ್ಲಿ ಪಿಎಚ್‌ಸಿ ಡಾಕ್ಟರಿಗೆ ತಲೆನೋವು, ಫಿಟ್ಸ್, ಸ್ಟ್ರೋಕ್, ಡಿಮೆನ್ಶಿಯಾ ನೋಡಲು ತರಬೇತಿ ಕೊಡುತ್ತಾರೆ. ಅವರ ಆನ್‌ಲೈನ್ ಕ್ಲಾಸುಗಳೂ ಇವೆ. ದೇಶದ ಹಿರಿಯರ ಬಗ್ಗೆ ನಡೆದ ಲಾಸಿ ಸಮೀಕ್ಷೆಯ ಆಧಾರದ ಮೇಲೆ ಮಾಡಿದ ಅಂದಾಜಿನ ಪ್ರಕಾರ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4 ಮಂದಿಗೆ ಡಿಮೆನ್ಶಿಯಾ ಇದೆ. ಆ ಲೆಕ್ಕದಲ್ಲಿ ನಿಮ್ಮ ಕ್ಲಿನಿಕ್ಕಿಗೂ ಅವರು ಬರುತ್ತಲೇ ಇರಬೇಕು. "ವಯಸ್ಸಾಯ್ತಲ್ಲ, ಅರಳು ಮರಳು" ಅಂತ ಮನೆಯವರು ಹೇಳುತ್ತಾರೆ, ನಾವೂ ತಲೆ ಆಡಿಸಿ ಕಳಿಸುತ್ತೇವೆ. ಅವರಲ್ಲಿ ಕೆಲವರಿಗೆ ಥೈರಾಯ್ಡ್, ಇನ್ನು ಕೆಲವರಿಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದು ಬಿ12 ಕಡಿಮೆಯಾಗಿರುತ್ತದೆ. ಅವನ್ನು ಸರಿಪಡಿಸಬಹುದು. ಡಿಮೆನ್ಶಿಯಾನೇ ಹೌದು ಅಂತಾದರೆ ಗದ್ದೆ ಪಾಲು, ಬ್ಯಾಂಕ್ ಸಹಿ, ಸ್ಕೂಟರ್ ಓಡಿಸುವುದು, ಇವನ್ನೆಲ್ಲ ಮನೆಯವರು ಹೊತ್ತಿಗೆ ಸರಿಯಾಗಿ ಯೋಚಿಸಲಿಕ್ಕಾದರೂ ಆಗುತ್ತದೆ.

ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ಸಂಕಟ ಕಡಿಮೆ ಮಾಡುವ ಆರೈಕೆ, ಕ್ಯಾನ್ಸರಿಗೆ ಮಾತ್ರ ಅಂತ ಬಿಟ್ಟುಬಿಡಬೇಡಿ. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ಹಾರ್ಟ್ ಫೇಲ್ಯೂರ್, ಹಾಸಿಗೆ ಹಿಡಿದ ಸ್ಟ್ರೋಕ್ ರೋಗಿ, ಎಲ್ಲರಿಗೂ ಬೇಕು. ಇಂಡಿಯನ್ ಅಸೋಸಿಯೇಶನ್ ಆಫ್ ಪ್ಯಾಲಿಯೇಟಿವ್ ಕೇರ್‌ನವರ ಎಸೆನ್ಶಿಯಲ್ಸ್ ಕೋರ್ಸ್ ಚಿಕ್ಕದು. ತಿರುವನಂತಪುರದ ಪ್ಯಾಲಿಯಂ ಇಂಡಿಯಾದ ಆನ್‌ಲೈನ್ ಕ್ಲಾಸುಗಳು ಎಕೋ ಮಾದರಿಯವೇ. ಮನೆಗೆ ಹೋಗಿ ರೋಗಿ ನೋಡುವ ಅಭ್ಯಾಸ ನಿಮಗಿದ್ದರೆ ಉಳಿದ ಎಲ್ಲಕ್ಕಿಂತ ಇದನ್ನೇ ಮೊದಲು ಮಾಡಿ ಅನ್ನುತ್ತೇನೆ. ಬೆನ್ನಹುಣ್ಣು ತೊಳೆಯುವುದು, ಮಲಬದ್ಧತೆ, "ಇನ್ನೆಷ್ಟು ದಿನ ಡಾಕ್ಟ್ರೇ" ಅಂತ ಮಗ ಜಗಲಿಯಲ್ಲಿ ಕೇಳಿದಾಗ ಏನು ಹೇಳುವುದು, ಇದನ್ನೆಲ್ಲ ಎಂಬಿಬಿಎಸ್‌ನಲ್ಲಿ ನನಗಂತೂ ಯಾರೂ ಹೇಳಿಕೊಡಲಿಲ್ಲ.

ಎಲ್ಲಕ್ಕೂ ಒಟ್ಟಿಗೆ ಸೇರಬೇಡಿ. ವರ್ಷಕ್ಕೊಂದು ಸಾಕು. ಫೀಸ್ ಕಟ್ಟುವ ಮೊದಲೇ ಮಾಡಬಹುದಾದ ಎರಡು ಪರೀಕ್ಷೆ ಹೇಳುತ್ತೇನೆ, ಎರಡಕ್ಕೂ ಡಾಕ್ಟರೇ ಬೇಕಂತಿಲ್ಲ. ಐದು ನಿಮಿಷ ಮಲಗಿಸಿ ಬಿಪಿ ನೋಡುವುದು, ಎದ್ದು ನಿಲ್ಲಿಸಿ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ನೋಡುವುದು. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನಿದ್ದೆ ಮಾತ್ರೆ ಮೂರನ್ನೂ ಮತ್ತೊಮ್ಮೆ ನೋಡಿ. ಇನ್ನೊಂದು, ಕುರ್ಚಿಯಿಂದ ಏಳಿಸಿ, ಮೂರು ಮೀಟರ್ ನಡೆಸಿ, ತಿರುಗಿ ಬಂದು ಕೂರಿಸುವುದು. ಹನ್ನೆರಡು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ಬೀಳುವ ಅಪಾಯ ಇದೆ. ನಮ್ಮಲ್ಲಿ ಟೋಕನ್ ಕೊಡುವ ಹುಡುಗಿಯೇ ಇದನ್ನು ಮಾಡುತ್ತಾಳೆ, ನೆಲಕ್ಕೆ ಬಣ್ಣದ ಗೆರೆ ಎಳೆದಿದ್ದೇವೆ. ಸೀರೆಯ ನೆರಿಗೆ ಕಾಲಿಗೆ ಸಿಗುತ್ತಾ, ಹವಾಯಿ ಚಪ್ಪಲಿ ಜಾರುತ್ತಾ, ಕೋಲು ಉದ್ದ ಆಯಿತಾ ಅಂತ ನನಗಿಂತ ಮೊದಲು ಅವಳೇ ಕಂಡುಹಿಡಿಯುತ್ತಾಳೆ.

ನಿಮ್ಮ ಊರಿನ ಐಎಂಎ (ಭಾರತೀಯ ವೈದ್ಯಕೀಯ ಸಂಘ) ಶಾಖೆಯಲ್ಲಿ ನಾಲ್ಕು ಜನ ಒಪ್ಪಿದರೂ ಸಾಕು, ತಿಂಗಳಿಗೊಂದು ಸಂಜೆ ಒಂದು ಚೀಲ, ಒಂದು ಕೇಸ್ ಅಂತ ಶುರು ಮಾಡಿ. ರೋಗಿಯ ಹೆಸರು ಬೇಡ. ಫಿಸಿಯೊಥೆರಪಿಸ್ಟ್ ಒಬ್ಬರನ್ನೂ ಕರೆಯಿರಿ. ಸಾಧ್ಯವಾದರೆ ಮೆಡಿಕಲ್ ಶಾಪಿನವರನ್ನೂ ಕರೆಯಿರಿ, ಹಳೇ ಸ್ಟ್ರಿಪ್ ಕಥೆ ಅವರಿಗೂ ಗೊತ್ತಾಗಲಿ. ಕ್ರೆಡಿಟ್ ಸಿಗುತ್ತಾ ಅಂದರೆ, ಮೊದಲೇ ಕರ್ನಾಟಕ ವೈದ್ಯಕೀಯ ಪರಿಷತ್ತಿನ ಮಾನ್ಯತೆ ತೆಗೆದುಕೊಳ್ಳದಿದ್ದರೆ ಸಿಗುವುದಿಲ್ಲ.

ಇನ್ನು ಬೋರ್ಡಿನ ವಿಷಯ. ಜೆರಿಯಾಟ್ರಿಷಿಯನ್ ಅಂತಲೋ ಶುಗರ್ ಸ್ಪೆಷಲಿಸ್ಟ್ ಅಂತಲೋ ಬರೆಯಬೇಡಿ. ಆ ವಿಷಯದಲ್ಲಿ ವಿಶೇಷ ಅರ್ಹತೆ ಇಲ್ಲದವರು ಸ್ಪೆಷಲಿಸ್ಟ್ ಅಂತ ಹೇಳಿಕೊಳ್ಳುವಂತಿಲ್ಲ, ಇದೂ 2002ರ ಅದೇ ನಿಯಮದಲ್ಲಿದೆ. ಸರ್ಟಿಫಿಕೇಟ್ ಕೋರ್ಸಿನ ಹೆಸರನ್ನು ಡಿಗ್ರಿಯ ಪಕ್ಕ ಹಾಕುವ ಮೊದಲು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಪತ್ರ ಬರೆದು ಕೇಳಿ, ಬಾಯಿಮಾತಿನ ಉತ್ತರ ನಂಬಬೇಡಿ. ಸರ್ಟಿಫಿಕೇಟನ್ನು ಫ್ರೇಮ್ ಹಾಕಿಸಿ ಒಳಗೆ ಗೋಡೆಗೆ ತೂಗುಹಾಕಿದರೆ ಅದಕ್ಕೆ ಯಾರ ತಕರಾರೂ ಬಂದಿದ್ದು ನಾನು ಕೇಳಿಲ್ಲ.